ಏರಿಯಾ ಕಾಯುತ್ತಿದ್ದ ಹುಡುಗರು: ಶಿಕಾಗೊದ ಯಂಗ್ ಲಾರ್ಡ್ಸ್

ಯಂಗ್ ಲಾರ್ಡ್ಸ್ ಎಂಬುದು ಅಮೆರಿಕದ ಶಿಕಾಗೊ ನಗರದ ಲಿಂಕನ್ ಪಾರ್ಕ್ ಬಡಾವಣೆಯಲ್ಲಿ 1959ರ ಸುಮಾರಿಗೆ ಹುಟ್ಟಿದ ಬೀದಿ ಗ್ಯಾಂಗು. ಶುರುವಿನಲ್ಲಿ ಇದ್ದವರು ಏಳು ಜನ, ಬಹುತೇಕ ಪೋರ್ಟೊ ರಿಕೊ ಮೂಲದ ಹದಿಹರೆಯದ ಹುಡುಗರು. ಹೊಡೆದಾಟ, ಕಳ್ಳತನ, ಮಾದಕವಸ್ತು, ಜೈಲು ಎಲ್ಲವೂ ಅದರ ಚರಿತ್ರೆಯಲ್ಲಿವೆ. 1968ರಲ್ಲಿ ಈ ಗ್ಯಾಂಗು ಹೆಸರನ್ನೂ ಬದಲಿಸದೆ, ಹಳೆಯ ಹುಡುಗರನ್ನೂ ಬಿಡದೆ ರಾಜಕೀಯ ಸಂಘಟನೆಯಾಯಿತು. ಶಿಶುವಿಹಾರ ನಡೆಸಿತು, ಉಚಿತ ದವಾಖಾನೆ ತೆರೆಯಿತು, ನ್ಯೂಯಾರ್ಕಿಗೂ ಹಬ್ಬಿತು. ಕೆಲವೇ ವರ್ಷಗಳಲ್ಲಿ ಪೊಲೀಸ್ ಒತ್ತಡಕ್ಕೂ ಒಳಜಗಳಕ್ಕೂ ಸಿಕ್ಕಿ ಸೊರಗಿತು.

ಈ ಬದಲಾವಣೆಯನ್ನು ಸಾಮಾನ್ಯವಾಗಿ ಒಬ್ಬ ನಾಯಕನ ಮನಃಪರಿವರ್ತನೆಯ ಕಥೆಯಾಗಿ ಹೇಳುವ ರೂಢಿಯಿದೆ. ಅಂಗುಲಿಮಾಲನ ಕಥೆ ಕೇಳಿ ಬೆಳೆದವರಿಗೆ ಅದು ಬೇಗ ರುಚಿಸುತ್ತದೆ. ಆದರೆ ಕಾರಣದ ದೊಡ್ಡ ಪಾಲು ಇದ್ದದ್ದು ನಗರಾಡಳಿತದ ನಕ್ಷೆಯಲ್ಲಿ. ಗ್ಯಾಂಗು ಮೊದಲಿನಿಂದಲೂ ಮಾಡುತ್ತಿದ್ದ ಕೆಲಸ ತನ್ನ ಏರಿಯಾ ಕಾಯುವುದು. ಆ ಏರಿಯಾ ಕೈತಪ್ಪುತ್ತಿರುವುದು ಪಕ್ಕದ ಬೀದಿಯ ಹುಡುಗರಿಂದಲ್ಲ, ಸರ್ಕಾರಿ ಯೋಜನೆಯಿಂದ ಎಂದು ಗೊತ್ತಾದ ಮೇಲೆ ಜಗಳದ ದಿಕ್ಕು ತಿರುಗಿತು.

ದ್ವೀಪದಿಂದ ಶಿಕಾಗೊಗೆ

ಪೋರ್ಟೊ ರಿಕೊ ಕೆರಿಬಿಯನ್ ಸಮುದ್ರದ ದ್ವೀಪ. 1898ರ ಯುದ್ಧದಲ್ಲಿ ಸ್ಪೇನ್ ಸೋತಾಗ ಅಮೆರಿಕದ ವಶವಾಯಿತು. 1917ರಲ್ಲಿ ಅಲ್ಲಿನ ಜನರಿಗೆ ಅಮೆರಿಕದ ಪೌರತ್ವ ಸಿಕ್ಕಿತು. ಹಾಗಾಗಿ ಲ್ಯಾಟಿನೊ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಗಡಿ, ಬೇಲಿ, ಕಾಗದಪತ್ರದ ಚಿತ್ರ ಇವರಿಗೆ ಹೊಂದುವುದಿಲ್ಲ. ವೀಸಾ ಬೇಕಿರಲಿಲ್ಲ, ವಿಮಾನದ ಟಿಕೆಟ್ ಸಾಕಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ದ್ವೀಪದ ಸರ್ಕಾರ ಕಬ್ಬಿನ ಬೇಸಾಯವನ್ನು ಹಿಂದಕ್ಕೆ ಸರಿಸಿ ಕೈಗಾರಿಕೆ ತರಲು ಹೊರಟಿತು. 'ಆಪರೇಷನ್ ಬೂಟ್‌ಸ್ಟ್ರಾಪ್' ಎಂಬುದು ಆ ಯೋಜನೆಯ ಹೆಸರು. ಹೊಲ ಬಿಟ್ಟವರಿಗೆಲ್ಲ ಕೆಲಸ ಕೊಡುವಷ್ಟು ಕಾರ್ಖಾನೆಗಳು ಬರಲಿಲ್ಲ. ಮಿಕ್ಕವರು ನ್ಯೂಯಾರ್ಕಿಗೆ ಹೋದರು, ಸ್ವಲ್ಪ ತಡವಾಗಿ ಶಿಕಾಗೊಗೂ ಬಂದರು. 1946ರಲ್ಲಿ ಕ್ಯಾಸಲ್ ಬಾರ್ಟನ್ ಎಂಬ ಖಾಸಗಿ ಏಜೆನ್ಸಿ ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆ, ಗಂಡಸರನ್ನು ಎರಕದ ಕಾರ್ಖಾನೆಗೆ ಕರಾರಿನ ಮೇಲೆ ಕರೆತಂದಿತು. ಸಂಬಳದಲ್ಲಿ ಅದೂ ಇದೂ ಮುರಿದುಕೊಂಡು ಅವರ ಕೈಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಎಲೆನಾ ಪದಿಯಾ ಮತ್ತು ಇತರ ಪೋರ್ಟೊ ರಿಕನ್ ವಿದ್ಯಾರ್ಥಿಗಳು ಇದನ್ನು ಬಯಲಿಗೆಳೆದು ಗದ್ದಲವೆಬ್ಬಿಸಿದರು. 1960ರ ಜನಗಣತಿಯ ಹೊತ್ತಿಗೆ ನಗರದಲ್ಲಿ ಪೋರ್ಟೊ ರಿಕನ್ನರು ಸುಮಾರು 32 ಸಾವಿರ. 1970ರಲ್ಲಿ 78 ಸಾವಿರ ದಾಟಿದ್ದರು.

ಕ್ಲಾರ್ಕ್ ಬೀದಿಯಿಂದ ಎತ್ತಂಗಡಿ

ಮೊದಲು ಬಂದವರಲ್ಲಿ ಹಲವರು ನೆಲೆಯೂರಿದ್ದು ನಗರದ ಮಧ್ಯಭಾಗಕ್ಕೆ ಹತ್ತಿರದ ಕ್ಲಾರ್ಕ್ ಬೀದಿಯ ಸುತ್ತ. ಅದನ್ನು ಅವರು 'ಲಾ ಕ್ಲಾರ್ಕ್' ಎನ್ನುತ್ತಿದ್ದರು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಇರುತ್ತಿದ್ದ ಹಳೆಯ ಬಾಡಿಗೆ ಕಟ್ಟಡಗಳ ಬೀದಿ ಅದು. 1960ರ ದಶಕದ ಆರಂಭದಲ್ಲಿ ಅಲ್ಲಿನ ಕಟ್ಟಡಗಳನ್ನು ಕೆಡವಿ ಕಾರ್ಲ್ ಸ್ಯಾಂಡ್‌ಬರ್ಗ್ ವಿಲೇಜ್ ಎಂಬ ಬಹುಮಹಡಿ ವಸತಿ ಸಮುಚ್ಚಯ ಕಟ್ಟಿದರು. ಮಧ್ಯಮ ವರ್ಗದ ಬಿಳಿಯರನ್ನು ನಗರದೊಳಗೇ ಉಳಿಸಿಕೊಳ್ಳಬೇಕೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಸಮುಚ್ಚಯಕ್ಕೆ ಶ್ರಮಿಕರ ಪರವಾಗಿ ಬರೆದ ಕವಿಯ ಹೆಸರು ಇಟ್ಟದ್ದು ವಿಚಿತ್ರವೇ.

ಎತ್ತಂಗಡಿಯಾದವರು ಉತ್ತರಕ್ಕೆ, ಲಿಂಕನ್ ಪಾರ್ಕಿಗೆ ಬಂದರು. ಅಲ್ಲಿ ಅದಾಗಲೇ 'ನಗರ ನವೀಕರಣ' ಯೋಜನೆಯ ಗೆರೆಗಳು ಬಿದ್ದಿದ್ದವು. ರಿಚರ್ಡ್ ಡೇಲಿ 1955ರಿಂದ ಮೇಯರ್. 1976ರಲ್ಲಿ ಸಾಯುವವರೆಗೂ ಅವರೇ ಮೇಯರ್. ವಾರ್ಡು ವಾರ್ಡಿನಲ್ಲಿ ಕೆಲಸ ಕೊಡಿಸಿ, ಅನುಕೂಲ ಮಾಡಿಕೊಟ್ಟು, ಅದಕ್ಕೆ ಪ್ರತಿಯಾಗಿ ಮತ ಪಡೆಯುತ್ತಿದ್ದ ಡೆಮಾಕ್ರಟಿಕ್ ಪಕ್ಷದ ವ್ಯವಸ್ಥೆ ಅವರ ಮುಷ್ಟಿಯಲ್ಲಿತ್ತು. ಆ ವ್ಯವಸ್ಥೆಯಲ್ಲಿ ಪೋರ್ಟೊ ರಿಕನ್ನರಿಗೆ ಲೆಕ್ಕವಿರಲಿಲ್ಲ. ಒಂದೇ ಕುಟುಂಬ ಕೆಲವೇ ವರ್ಷಗಳಲ್ಲಿ ಹಲವು ಬಾರಿ ಮನೆ ಬದಲಿಸುವುದು, ಮಕ್ಕಳು ಶಾಲೆಯಿಂದ ಶಾಲೆಗೆ ಅಲೆಯುವುದು ಮಾಮೂಲಾಯಿತು. ಹೀಗೆ ಬೆಳೆದ ಹುಡುಗರಿಗೆ ಒಂದು ರಸ್ತೆಯ ತಿರುವು ತಮ್ಮದೆನಿಸಿದರೆ ಅದಕ್ಕಾಗಿ ಕೈಕೈ ಮಿಲಾಯಿಸುವುದು ಆಶ್ಚರ್ಯದ ಮಾತಲ್ಲ.

ಗ್ಯಾಂಗಿನ ದಿನಗಳು

ಲಿಂಕನ್ ಪಾರ್ಕಿನಲ್ಲಿ ಇಟಾಲಿಯನ್, ಐರಿಷ್, ಜರ್ಮನ್ ಮೂಲದ ಬಿಳಿಯ ಹುಡುಗರ ಗುಂಪುಗಳು ಆಗಲೇ ಇದ್ದವು. ಈಜುಕೊಳ, ಸಮುದ್ರದಂತಿರುವ ಮಿಶಿಗನ್ ಸರೋವರದ ದಂಡೆ, ಶಾಲೆಗೆ ಹೋಗುವ ದಾರಿ, ಎಲ್ಲಿಗೆ ಹೋದರೂ ಹೊಸಬರಿಗೆ ಏಟು ಬೀಳುತ್ತಿತ್ತು. ಒರ್ಲಾಂಡೊ ದಾವಿಲಾ ಮೊದಲ ನಾಯಕನಾಗಿ ಯಂಗ್ ಲಾರ್ಡ್ಸ್ ಕಟ್ಟಿದ್ದು ಈ ಏಟು ತಪ್ಪಿಸಿಕೊಳ್ಳಲು. ಜೊತೆಗಿದ್ದವನು ಹೊಸೆ ಹಿಮೆನೆಸ್, ಎಲ್ಲರ ಬಾಯಲ್ಲಿ 'ಚಾ ಚಾ'. 1948ರಲ್ಲಿ ಪೋರ್ಟೊ ರಿಕೊದ ಕಾಗ್ವಾಸ್ ಊರಿನಲ್ಲಿ ಹುಟ್ಟಿ ಎಳೆಯ ವಯಸ್ಸಿನಲ್ಲೇ ತಾಯಿತಂದೆಯರ ಜೊತೆ ಬಂದವನು.

ಆತ್ಮರಕ್ಷಣೆಗೆಂದು ಶುರುವಾದದ್ದು ಅಲ್ಲಿಗೇ ನಿಲ್ಲಲಿಲ್ಲ. ಗುಂಪಿಗೆ ಬಣ್ಣ ಬಂತು, ಸ್ವೆಟರ್ ಬಂತು, ಎದುರಾಳಿಗಳು ಬಂದರು. ಕಾರು ಕದಿಯುವುದು, ಅಂಗಡಿಗೆ ನುಗ್ಗುವುದು, ಚಾಕು ಹಿಡಿದ ಜಗಳ ಎಲ್ಲವೂ ನಡೆದವು. ಎದುರಾಳಿಗಳೆಲ್ಲ ಬಿಳಿಯರೇ ಆಗಿರಲಿಲ್ಲ. ಬೇರೆ ಲ್ಯಾಟಿನೊ ಗುಂಪುಗಳ ಜೊತೆಗೂ ಕಾದಾಟವಿತ್ತು. ಹುಡುಗಿಯರ ಒಂದು ಜೊತೆಗುಂಪಿಗೆ 'ಲಾರ್ಡೆಟ್ಸ್' ಎಂಬ ಹೆಸರಿತ್ತು. ದಶಕದ ನಡುವಿನ ಹೊತ್ತಿಗೆ ಗ್ಯಾಂಗು ತಾನಾಗಿಯೇ ಸಡಿಲವಾಗುತ್ತಾ ಬಂತು. ಕೆಲವರು ಮದುವೆಯಾದರು, ಕೆಲವರು ಸೈನ್ಯಕ್ಕೆ ಹೋದರು, ಕೆಲವರು ಜೈಲಿಗೆ. ಹೆರಾಯಿನ್ ಹಿಡಿದವರು ಯಾವುದಕ್ಕೂ ದಕ್ಕಲಿಲ್ಲ. ಚಾ ಚಾ ಕೂಡ ಆ ದಾರಿಯಲ್ಲಿ ಸಾಕಷ್ಟು ದೂರ ಹೋಗಿದ್ದ.

ಡಿವಿಷನ್ ಬೀದಿ, 1966

1966ರ ಜೂನ್ 12ರಂದು, ಪೋರ್ಟೊ ರಿಕನ್ ಉತ್ಸವದ ಸಂದರ್ಭದಲ್ಲಿ, ನಗರದ ಪಶ್ಚಿಮಕ್ಕಿರುವ ಡಿವಿಷನ್ ಬೀದಿಯಲ್ಲಿ ಪೊಲೀಸನೊಬ್ಬ ಅರ್ಸೆಲಿಸ್ ಕ್ರೂಸ್ ಎಂಬ ಯುವಕನಿಗೆ ಗುಂಡು ಹೊಡೆದ. ಸೇರಿದ ಜನ ತಿರುಗಿಬಿದ್ದರು. ಪೊಲೀಸರು ನಾಯಿಗಳನ್ನು ಬಿಟ್ಟರು. ಗಲಭೆ ದಿನಗಟ್ಟಲೆ ನಡೆಯಿತು, ವಾಹನಗಳು ಉರಿದವು. ಅದುವರೆಗೆ ಈ ಸಮುದಾಯ ಪತ್ರಿಕೆಗಳಿಗೆ ಕಾಣಿಸಿಯೇ ಇರಲಿಲ್ಲ. ಗಲಭೆಯ ನಂತರ ಹುಟ್ಟಿದ ಸಂಘಟನೆಗಳಲ್ಲಿ ಒಬೆದ್ ಲೋಪೆಸ್ ಮುಂದಾಳಾಗಿದ್ದ 'ಲಾಡೊ' ಮುಖ್ಯವಾದದ್ದು. ಬಡವರ ಪರಿಹಾರ ಕಚೇರಿಗಳಲ್ಲಿ ನಡೆಯುವ ಅವಮಾನದ ವಿರುದ್ಧ ಅದು ಕೆಲಸ ಮಾಡುತ್ತಿತ್ತು. ಯಂಗ್ ಲಾರ್ಡ್ಸ್ ಮುಂದೆ ಇದರ ಜೊತೆ ಕೈಜೋಡಿಸಿತು.

ಜೈಲಿನಲ್ಲಿ ಚಾ ಚಾ

1968ರಲ್ಲಿ ಮಾದಕವಸ್ತುವಿನ ಪ್ರಕರಣವೊಂದರಲ್ಲಿ ಚಾ ಚಾಗೆ 60 ದಿನದ ಶಿಕ್ಷೆಯಾಯಿತು. ಕುಕ್ ಕೌಂಟಿ ಜೈಲಿನಲ್ಲಿ ಪುಸ್ತಕ ಹಂಚುತ್ತಿದ್ದ ಕಪ್ಪು ಮುಸ್ಲಿಂ ಕೈದಿಯೊಬ್ಬನಿಂದ ಓದುವ ಚಟ ಹತ್ತಿತು. ಥಾಮಸ್ ಮರ್ಟನ್ ಎಂಬ ಕ್ಯಾಥೊಲಿಕ್ ಸನ್ಯಾಸಿಯ ಆತ್ಮಕಥೆ ಓದಿ ಪಾದ್ರಿಯನ್ನು ಕರೆಸಿ ತಪ್ಪೊಪ್ಪಿಗೆ ಮಾಡಿಕೊಂಡ. ಮಾರ್ಟಿನ್ ಲೂಥರ್ ಕಿಂಗ್, ಮಾಲ್ಕಮ್ ಎಕ್ಸ್ ಅವರನ್ನು ಓದಿದ. ಇಂಗ್ಲಿಷ್ ಬಾರದ ಮೆಕ್ಸಿಕನ್ ಕೂಲಿಗಳನ್ನು ಕಾವಲುಗಾರರು ನಡೆಸಿಕೊಳ್ಳುತ್ತಿದ್ದ ರೀತಿ ಕಂಡು ಕೆರಳಿದ. ಆಗಲೇ ಅವನಿಗೆ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸುದ್ದಿಯೂ ತಲುಪಿತು.

ಈ ಭಾಗವನ್ನು ಹಿಮೆನೆಸ್ ಆಮೇಲೆ ನೂರಾರು ಸಲ ಹೇಳಿದ್ದಾನೆ. ಹೇಳುತ್ತಾ ಹೇಳುತ್ತಾ ಅದಕ್ಕೆ ಒಂದು ಹೊಳಪೂ ಬಂದಿರಬಹುದು. ಆದರೆ ಜೈಲಿನಿಂದ ಬಂದವನು ತನ್ನ ಏರಿಯಾಕ್ಕೆ ಮರಳಿದಾಗ ಹುಡುಗರು ಅವನ ಮಾತಿಗೆ ತಕ್ಷಣ ಮರುಳಾಗಲಿಲ್ಲ. ಕ್ರಾಂತಿ, ವಸಾಹತುಶಾಹಿ ಎಂದಾಗ ನಕ್ಕವರೇ ಹೆಚ್ಚು. ಅವರನ್ನು ಎಬ್ಬಿಸಿದ್ದು ಮನೆ ಖಾಲಿ ಮಾಡಿಸುವ ನೋಟಿಸು. ಪ್ಯಾಟ್ ಡಿವೈನ್ ಎಂಬ ಸ್ಥಳೀಯ ಕಾರ್ಯಕರ್ತೆ ಲಿಂಕನ್ ಪಾರ್ಕಿನ ನವೀಕರಣ ಸಮಿತಿಯ ಸಭೆಗಳ ವಿಷಯವನ್ನು ಚಾ ಚಾನ ತಲೆಗೆ ತುಂಬಿದಳು. ಕೆಡವಬೇಕಾದ ಮನೆಗಳನ್ನು ಗುರುತಿಸುತ್ತಿದ್ದ ಆ ಸಮಿತಿಯಲ್ಲಿ ಆ ಮನೆಗಳಲ್ಲಿದ್ದವರ ಪರ ಮಾತಾಡುವವರೇ ಇರಲಿಲ್ಲ.

ಸಂಘಟನೆ ತನ್ನ ಹೊಸ ಹುಟ್ಟಿನ ದಿನವೆಂದು ಆರಿಸಿಕೊಂಡದ್ದು 1968ರ ಸೆಪ್ಟೆಂಬರ್ 23. ಸರಿಯಾಗಿ ನೂರು ವರ್ಷ ಹಿಂದೆ, 1868ರಲ್ಲಿ, ಪೋರ್ಟೊ ರಿಕೊದ ಲಾರೆಸ್ ಊರಿನಲ್ಲಿ ಸ್ಪೇನ್ ವಿರುದ್ಧ ದಂಗೆಯೆದ್ದ ದಿನ ಅದು.

1969: ಹೊಡೆದಾಟದ ವರ್ಷ

1969ರ ಜನವರಿಯಲ್ಲಿ ಯಂಗ್ ಲಾರ್ಡ್ಸ್ ಹುಡುಗರು ನವೀಕರಣ ಸಮಿತಿಯ ಸಭೆಗೆ ಗುಂಪಾಗಿ ನುಗ್ಗಿದರು. ಸಮಿತಿಯಲ್ಲಿ ಒಬ್ಬನೇ ಒಬ್ಬ ಪೋರ್ಟೊ ರಿಕನ್ ಇಲ್ಲವಲ್ಲ ಎಂಬುದು ಅವರ ಪ್ರಶ್ನೆ. ಸಭೆ ನಿಂತಿತು, ಕಚೇರಿಯ ಕುರ್ಚಿ ಕಿಟಕಿಗಳು ಮುರಿದವು. ಗ್ಯಾಂಗಿನ ವಿದ್ಯೆಯೇ ಇಲ್ಲಿ ಕೆಲಸಕ್ಕೆ ಬಂತು ಎನ್ನಬೇಕು: ಒಟ್ಟಾಗಿ ಹೋಗುವುದು, ಹೆದರದೆ ನಿಲ್ಲುವುದು, ಜಾಗವನ್ನು ಹಿಡಿದುಕೊಳ್ಳುವುದು. ಓದುಬರಹದ ಚಳವಳಿಗಾರರಿಗೆ ಕಲಿಯಬೇಕಾಗುವ ಈ ಕಲೆಗಳು ಇವರಿಗೆ ಹುಡುಗುತನದಿಂದ ಅಭ್ಯಾಸವಾಗಿದ್ದವು.

ಮೇ 4ರಂದು ಮಾನ್ವೆಲ್ ರಾಮೋಸ್ ಎಂಬ ಸದಸ್ಯ ಹುಟ್ಟುಹಬ್ಬದ ಕೂಟವೊಂದರ ಹೊರಗೆ, ಕೆಲಸದ ಮೇಲಿರದ ಪೊಲೀಸನೊಬ್ಬನ ಗುಂಡಿಗೆ ಸತ್ತ. ಆ ಪೊಲೀಸನ ಮೇಲೆ ಮೊಕದ್ದಮೆಯಾಗಲಿಲ್ಲ. ಜೊತೆಗಿದ್ದ ಯಂಗ್ ಲಾರ್ಡ್ಸ್ ಹುಡುಗರೇ ಬಂಧನಕ್ಕೊಳಗಾದರು. ಹಳೆಯ ಗ್ಯಾಂಗಾಗಿದ್ದರೆ ಅಂದೇ ರಾತ್ರಿ ಸೇಡಿಗೆ ಹೊರಡುತ್ತಿತ್ತು. ಈ ಸಲ ಅವರು ಮೆರವಣಿಗೆ ಹೊರಟರು. ಹತ್ತು ದಿನಗಳ ನಂತರ ಲಿಂಕನ್ ಪಾರ್ಕಿನಲ್ಲಿದ್ದ ಮೆಕಾರ್ಮಿಕ್ ದೇವತಾಶಾಸ್ತ್ರ ವಿದ್ಯಾಲಯದ ಆಡಳಿತ ಕಟ್ಟಡಕ್ಕೆ ಒಳಗಿನಿಂದ ಅಗಳಿ ಹಾಕಿ ಕೂತು, ಬಾಗಿಲಿಗೆ ಮಾನ್ವೆಲ್ ರಾಮೋಸ್ ಹೆಸರಿನ ಫಲಕ ತೂಗುಹಾಕಿದರು. ನೆರೆಯ ಬಡವರಿಗೆ ಬೆನ್ನು ತಿರುಗಿಸಿ ಬೇಲಿ ಕಟ್ಟಿಕೊಂಡ ಶ್ರೀಮಂತ ಸಂಸ್ಥೆ ಎಂಬ ಸಿಟ್ಟು ಇದರ ಮೇಲೆ ಮೊದಲೇ ಇತ್ತು. ಕೆಲವು ದಿನಗಳಲ್ಲಿ ವಿದ್ಯಾಲಯ ಮಣಿದು, ಕಡಿಮೆ ಬಾಡಿಗೆಯ ಮನೆಗಳಿಗೆ ಸುಮಾರು 6 ಲಕ್ಷ ಡಾಲರ್ ಕೊಡಲು ಒಪ್ಪಿತು. ಯಂಗ್ ಲಾರ್ಡ್ಸ್ ಸೇರಿದ್ದ ಬಡವರ ಒಕ್ಕೂಟವೊಂದು ಹೊವರ್ಡ್ ಅಲನ್ ಎಂಬ ವಾಸ್ತುಶಿಲ್ಪಿಯಿಂದ ಮನೆಗಳ ನಕ್ಷೆಯನ್ನೂ ಮಾಡಿಸಿತು. ನಗರಾಡಳಿತ ಅದನ್ನು ತಿರಸ್ಕರಿಸಿತು. ಆ ಮನೆಗಳು ಕೊನೆಗೂ ಏಳಲಿಲ್ಲ.

ಅದೇ ಬೇಸಿಗೆಯಲ್ಲಿ ಹಾಲ್‌ಸ್ಟೆಡ್ ಮತ್ತು ಆರ್ಮಿಟೇಜ್ ರಸ್ತೆಗಳು ಕೂಡುವಲ್ಲಿ ಮನೆ ಕೆಡವಿ ಖಾಲಿ ಬಿಟ್ಟಿದ್ದ ನಿವೇಶನದಲ್ಲಿ ಖಾಸಗಿ ಟೆನಿಸ್ ಕ್ಲಬ್ಬು ಬರುತ್ತದೆಂಬ ಸುದ್ದಿ ಬಂತು. ನೆರೆಹೊರೆಯವರು ಕಲ್ಲು ಎತ್ತಿ, ಮಣ್ಣು ಸಮ ಮಾಡಿ, ಮಕ್ಕಳ ಜೋಕಾಲಿ ಹಾಕಿ ಅದನ್ನು 'ಜನರ ಪಾರ್ಕ್' ಮಾಡಿಬಿಟ್ಟರು.

ಚರ್ಚಿನಲ್ಲಿ ಶಿಶುವಿಹಾರ

ಜೂನ್‌ನಲ್ಲಿ ಯಂಗ್ ಲಾರ್ಡ್ಸ್ ಆರ್ಮಿಟೇಜ್ ರಸ್ತೆಯ ಮೆಥಡಿಸ್ಟ್ ಚರ್ಚನ್ನು ವಶಪಡಿಸಿಕೊಂಡಿತು. ಚರ್ಚಿನ ಪಾದ್ರಿ ಬ್ರೂಸ್ ಜಾನ್ಸನ್ ಮೊದಲೇ ಇವರ ಪರವಿದ್ದವರು. ಒಳಗೆ ಜಾಗ ಕೊಡಲು ಒಪ್ಪದಿದ್ದದ್ದು ಚರ್ಚಿನ ಹಳೆಯ ಸದಸ್ಯರು. ಕಟ್ಟಡಕ್ಕೆ 'ಜನರ ಚರ್ಚ್' ಎಂದು ಹೆಸರಾಯಿತು. ಗೋಡೆಗಳ ಮೇಲೆ ಪೋರ್ಟೊ ರಿಕೊದ ಸ್ವಾತಂತ್ರ್ಯ ಹೋರಾಟಗಾರರ ಚಿತ್ರಗಳು ಬಂದವು. ನೆಲಮಾಳಿಗೆಯಲ್ಲಿ ಶಿಶುವಿಹಾರ ಶುರು ಮಾಡಲು ಹೊರಟಾಗ ನಗರಾಡಳಿತ ಕಟ್ಟಡ ನಿಯಮಗಳ ಪಟ್ಟಿ ಹಿಡಿದು ಬಂತು: ಮೆಟ್ಟಿಲು ಸರಿಯಿಲ್ಲ, ಬಾಗಿಲು ಸರಿಯಿಲ್ಲ, ನೆಲ ಸರಿಯಿಲ್ಲ. ಬೀದಿ ಬದಿಯ ಹುಡುಗರು ಸುತ್ತಿಗೆ, ಬಣ್ಣದ ಡಬ್ಬಿ ಹಿಡಿದು ಒಂದೊಂದನ್ನೇ ಸರಿಪಡಿಸುತ್ತಾ ಹೋದರು. ಮಕ್ಕಳಿಗೆ ಬೆಳಗಿನ ಉಪಾಹಾರ ನಡೆಯಿತು. ಹತ್ತೊಂಬತ್ತನೇ ಶತಮಾನದ ವೈದ್ಯ ಮತ್ತು ಕ್ರಾಂತಿಕಾರಿ ರಮೋನ್ ಎಮೆತೇರಿಯೊ ಬೆತಾನ್ಸೆಸ್ ಹೆಸರಿನಲ್ಲಿ ದವಾಖಾನೆ ತೆರೆಯಿತು. ವೈದ್ಯರೂ ವೈದ್ಯಕೀಯ ವಿದ್ಯಾರ್ಥಿಗಳೂ ಸಂಬಳವಿಲ್ಲದೆ ಬಂದು ನೋಡುತ್ತಿದ್ದರು.

ಸೆಪ್ಟೆಂಬರ್ ಕೊನೆಯಲ್ಲಿ ಬ್ರೂಸ್ ಜಾನ್ಸನ್ ಮತ್ತು ಅವರ ಹೆಂಡತಿ ಯೂಜೀನಿಯಾ ತಮ್ಮ ಮನೆಯಲ್ಲೇ ಇರಿತಕ್ಕೆ ಬಲಿಯಾದರು. ಕೊಂದವರು ಯಾರೆಂದು ಇವತ್ತಿಗೂ ಸಾಬೀತಾಗಿಲ್ಲ.

ಪ್ಯಾಂಥರ್ಸ್ ಮತ್ತು ಬೆಟ್ಟದ ಬಿಳಿಯರು

ಶಿಕಾಗೊದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಮುಂದಾಳು ಫ್ರೆಡ್ ಹ್ಯಾಂಪ್ಟನ್‌ಗೆ ಆಗ 20 ವರ್ಷ. (ಮುಂಬೈಯಲ್ಲಿ 1972ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ಪಡೆದದ್ದು ಇದೇ ಪಕ್ಷದಿಂದ.) ಯಂಗ್ ಲಾರ್ಡ್ಸ್ ನಡೆಸಿದ ಗಲಾಟೆಗಳ ಸುದ್ದಿ ಓದಿ ಅವನೇ ಚಾ ಚಾನನ್ನು ಹುಡುಕಿಕೊಂಡು ಬಂದ. ಇವರ ಜೊತೆ ಸೇರಿದ ಮೂರನೆಯ ಗುಂಪು ಯಂಗ್ ಪೇಟ್ರಿಯಟ್ಸ್. ಅಪಲೇಚಿಯನ್ ಬೆಟ್ಟಗಾಡಿನಿಂದ ಕೆಲಸ ಹುಡುಕಿ ಬಂದು ಅಪ್‌ಟೌನ್ ಕೊಳೆಗೇರಿಯಲ್ಲಿದ್ದ ಬಡ ಬಿಳಿಯರು ಅವರು. ಅವರ ಅಂಗಿಯ ಮೇಲೆ ಗುಲಾಮಗಿರಿಯ ಪರ ಹೋರಾಡಿದ್ದ ದಕ್ಷಿಣದ ರಾಜ್ಯಗಳ ಬಾವುಟ ಇರುತ್ತಿತ್ತು. ಆ ಬಾವುಟ ತೊಟ್ಟವರ ಪಕ್ಕ ಪ್ಯಾಂಥರ್ಸ್ ಕೂತು ಮಾತಾಡಿದ್ದೇ ಮೂರೂ ಗುಂಪುಗಳ ಈ 'ರೇನ್‌ಬೋ ಕೊಯಲಿಷನ್' ಒಕ್ಕೂಟ ಎಷ್ಟು ಅಪರೂಪದ್ದೆಂಬುದನ್ನು ತೋರಿಸುತ್ತದೆ. ಮೂವರ ಕಷ್ಟಗಳೂ ಒಂದೇ ತರದವು: ಬಾಡಿಗೆ, ಪೊಲೀಸು, ಆಸ್ಪತ್ರೆ.

1969ರ ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು ಹ್ಯಾಂಪ್ಟನ್ ಮನೆಗೆ ನುಗ್ಗಿ, ಹಾಸಿಗೆಯಲ್ಲಿದ್ದ ಅವನನ್ನು ಗುಂಡಿಟ್ಟು ಕೊಂದರು. ಒಕ್ಕೂಟ ಆಮೇಲೆ ಚೇತರಿಸಿಕೊಳ್ಳಲಿಲ್ಲ.

ಪೊಲೀಸರ ಕಣ್ಣು

ಮೇಯರ್ ಡೇಲಿ ಮತ್ತು ಸರ್ಕಾರಿ ಅಭಿಯೋಜಕ ಎಡ್ವರ್ಡ್ ಹ್ಯಾನ್ರಹನ್ 1969ರಲ್ಲಿ 'ಗ್ಯಾಂಗುಗಳ ವಿರುದ್ಧ ಯುದ್ಧ' ಸಾರಿದ್ದರು. ಅದರ ವೈಚಿತ್ರ್ಯ ಗಮನಿಸಬೇಕಾದದ್ದು. ಗ್ಯಾಂಗುಗಳು ಪರಸ್ಪರ ಬಡಿದಾಡುತ್ತಿದ್ದ ಕಾಲದಲ್ಲಿ ಹುಡುಗರ ಮೇಲೆ ಬೀಳುತ್ತಿದ್ದದ್ದು ಸಾಮಾನ್ಯ ಠಾಣೆಯ ಕೇಸುಗಳು. ರಾಜಕೀಯಕ್ಕಿಳಿದ ಮೇಲೆ ಗ್ಯಾಂಗುಗಳನ್ನು ಗಮನಿಸುವ ಪೊಲೀಸ್ ಗುಪ್ತಚರ ದಳ, ಚಳವಳಿಗಾರರ ಮೇಲೆ ಕಣ್ಣಿಡುತ್ತಿದ್ದ 'ರೆಡ್ ಸ್ಕ್ವಾಡ್', ಎಫ್‌ಬಿಐ ಮೂರೂ ಬೆನ್ನುಬಿದ್ದವು. ಚಾ ಚಾ ಮೇಲೆ ಒಂದರ ಹಿಂದೊಂದು ಕೇಸು ಬಿದ್ದು, ಜಾಮೀನಿನ ಹಣ ಹೊಂದಿಸುವುದರಲ್ಲೇ ಸಂಘಟನೆಯ ಶಕ್ತಿ ಕರಗಿತು. ಕಟ್ಟಡ ಕೆಲಸದ ಒಂದಿಷ್ಟು ಮರ ಕದ್ದ ಆರೋಪವೂ ಅವುಗಳಲ್ಲಿ ಒಂದು. 1970ರಲ್ಲಿ ಅವನು ತಲೆಮರೆಸಿಕೊಂಡ. 1972ರ ಡಿಸೆಂಬರ್‌ನಲ್ಲಿ ತಾನೇ ಬಂದು ಶರಣಾಗಿ ಜೈಲುವಾಸ ಅನುಭವಿಸಿದ.

ಎಲ್ಲವನ್ನೂ ಪೊಲೀಸರ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. ಶಿಸ್ತಿಲ್ಲದ ಸದಸ್ಯರಿದ್ದರು, ಹೆರಾಯಿನ್‌ಗೆ ಮರಳಿದವರಿದ್ದರು. ಅದಕ್ಕಿಂತ ಮುಖ್ಯವಾಗಿ, ಬಾಡಿಗೆ ಏರಿ ಏರಿ ಬೆಂಬಲಿಗ ಕುಟುಂಬಗಳೇ ಲಿಂಕನ್ ಪಾರ್ಕ್ ಬಿಟ್ಟು ಹೋಗುತ್ತಿದ್ದವು. ಏರಿಯಾ ಖಾಲಿಯಾದ ಮೇಲೆ ಏರಿಯಾದ ಸಂಘಟನೆಗೆ ನಿಲ್ಲಲು ನೆಲವಿರಲಿಲ್ಲ.

ನ್ಯೂಯಾರ್ಕಿನ ಕವಲು

1969ರ ಜುಲೈ 26ರಂದು ನ್ಯೂಯಾರ್ಕಿನಲ್ಲಿ ಯಂಗ್ ಲಾರ್ಡ್ಸ್ ಶಾಖೆ ಶುರುವಾಯಿತು. ಫೆಲಿಪೆ ಲುಸಿಯಾನೊ, ಮುಂದೆ ಹೆಸರಾಂತ ಪತ್ರಕರ್ತನಾದ ಹ್ವಾನ್ ಗೊನ್ಸಾಲೆಸ್, ಡೆನಿಸ್ ಆಲಿವರ್ ಮುಂತಾದವರು ಅದರಲ್ಲಿದ್ದರು. ಇವರಲ್ಲಿ ಬಹಳಷ್ಟು ಜನ ಕಾಲೇಜು ಕಂಡವರು. ಪೂರ್ವ ಹಾರ್ಲೆಮ್‌ಗೆ ಹೋಗಿ ಜನರನ್ನು ಏನು ಬೇಕೆಂದು ಕೇಳಿದರೆ ಬಂದ ಉತ್ತರ, ಕಸ ಎತ್ತಿಸಿ. ಬೀದಿ ಗುಡಿಸಲು ನೈರ್ಮಲ್ಯ ಇಲಾಖೆಗೆ ಪೊರಕೆ ಕೇಳಿದರು, ಕೊಡಲಿಲ್ಲ. ಕಸದ ರಾಶಿಯನ್ನೇ ಥರ್ಡ್ ಅವೆನ್ಯೂಗೆ ಅಡ್ಡ ಸುರಿದು ಬೆಂಕಿ ಹಚ್ಚಿದರು, ಸಂಚಾರ ನಿಂತಿತು.

1970ರ ಜೂನ್‌ನಲ್ಲಿ ಕ್ಷಯರೋಗ ಪರೀಕ್ಷೆಯ ಎಕ್ಸ್‌ರೇ ವಾಹನವನ್ನು ಅಪಹರಿಸಿ ತಮ್ಮ ಕೇರಿಗೆ ತಂದು ಜನರ ಎದೆಯ ಪರೀಕ್ಷೆ ಮಾಡಿಸಿದರು. ಜುಲೈ 14ರಂದು ದಕ್ಷಿಣ ಬ್ರಾಂಕ್ಸ್‌ನ ಹಳೆಯ ಲಿಂಕನ್ ಆಸ್ಪತ್ರೆಯನ್ನು ಕೆಲವು ಗಂಟೆ ಕೈವಶ ಮಾಡಿಕೊಂಡು ರೋಗಿಗಳ ಹಕ್ಕುಗಳ ಪಟ್ಟಿ ಮುಂದಿಟ್ಟರು. ಹೆಸರು ಶಿಕಾಗೊದ್ದಾದರೂ ಪುಸ್ತಕಗಳಲ್ಲಿ ಹೆಚ್ಚು ಜಾಗ ಪಡೆದದ್ದು ಈ ಕವಲು. ಬರೆಯಬಲ್ಲವರು, ಪತ್ರಿಕೆಗಳ ಜೊತೆ ಮಾತಾಡಬಲ್ಲವರು ಅಲ್ಲಿದ್ದರಲ್ಲ. ಅವರಿಗೆ ಶಿಕಾಗೊದವರಲ್ಲಿ ಗ್ಯಾಂಗಿನ ವಾಸನೆ ಇನ್ನೂ ಹೋಗಿಲ್ಲ ಎನಿಸಿತು. 1970ರ ವಸಂತದಲ್ಲಿ ಬೇರೆಯಾಗಿ 'ಯಂಗ್ ಲಾರ್ಡ್ಸ್ ಪಾರ್ಟಿ' ಎಂದುಕೊಂಡರು.

ಗಂಡಸುತನದ ಜಂಬದ ಬಗ್ಗೆಯೂ ನ್ಯೂಯಾರ್ಕಿನಲ್ಲೇ ದೊಡ್ಡ ಜಗಳ ನಡೆಯಿತು. ಅವರ 13 ಅಂಶಗಳ ಕಾರ್ಯಕ್ರಮದಲ್ಲಿ ಮೊದಲು 'ಮಚಿಸ್ಮೊ' ಕ್ರಾಂತಿಕಾರಿಯಾಗಿರಬೇಕು ಎಂದಿತ್ತು. ಕ್ರಾಂತಿಕಾರಿ ದರ್ಪ ಅಂದರೇನು ಎಂದು ಡೆನಿಸ್ ಆಲಿವರ್ ಮತ್ತು ಜೊತೆಯ ಹೆಣ್ಣುಮಕ್ಕಳು ಪಟ್ಟು ಹಿಡಿದು ಆ ಸಾಲನ್ನೇ ತೆಗೆಸಿ, ಪುರುಷ ದರ್ಪಕ್ಕೆ ಧಿಕ್ಕಾರ ಎಂದು ಬರೆಸಿದರು. ಶಿಕಾಗೊದಲ್ಲೂ ಶಿಶುವಿಹಾರ, ದವಾಖಾನೆಗಳ ದೈನಂದಿನ ಕೆಲಸ ಬಹುಪಾಲು ನಡೆಸಿದವರು ಹೆಂಗಸರೇ. ಅವರು 'ಮದರ್ಸ್ ಅಂಡ್ ಅದರ್ಸ್' ಎಂಬ ತಮ್ಮದೇ ಗುಂಪನ್ನೂ ಕಟ್ಟಿಕೊಂಡಿದ್ದರು.

ಬದಲಾಗದೆ ಉಳಿದ ಗ್ಯಾಂಗುಗಳು

ಯಂಗ್ ಲಾರ್ಡ್ಸ್ ಬೆಳೆದ ನಗರದಲ್ಲೇ, ಅವೇ ಕಾರಣಗಳಿಗೆ ಹುಟ್ಟಿದ ಲ್ಯಾಟಿನ್ ಕಿಂಗ್ಸ್ ಗ್ಯಾಂಗಾಗಿಯೇ ಉಳಿದು ಬೇರೆ ನಗರಗಳಿಗೂ ಹಬ್ಬಿತು. 1970ರ ದಶಕದಲ್ಲಿ ಕಾರ್ಖಾನೆಗಳು ಮುಚ್ಚುತ್ತಾ ಬಂದಂತೆ ಮಾದಕವಸ್ತುವಿನ ವ್ಯಾಪಾರ ಹುಡುಗರ ಕೈಗೆ ಸುಲಭದ ದುಡ್ಡು ಕೊಟ್ಟಿತು. ಅದೇ ದಶಕದ ಕೊನೆಗೆ ಇಲಿನಾಯ್ ಜೈಲುಗಳೊಳಗೆ 'ಪೀಪಲ್' ಮತ್ತು 'ಫೋಕ್ಸ್' ಎಂಬ ಎರಡು ಗ್ಯಾಂಗ್ ಕೂಟಗಳು ರೂಪುಗೊಂಡವು, ಲ್ಯಾಟಿನ್ ಕಿಂಗ್ಸ್ ಮೊದಲನೆಯದರಲ್ಲಿತ್ತು. ರಾಜಕೀಯದ ಕಡೆ ಹೊರಳಲು ಯತ್ನಿಸಿದ ಗ್ಯಾಂಗು ಯಂಗ್ ಲಾರ್ಡ್ಸ್ ಒಂದೇ ಆಗಿರಲಿಲ್ಲ. ಲಾನ್‌ಡೇಲ್‌ನ ಕಪ್ಪು ಹುಡುಗರ ವೈಸ್ ಲಾರ್ಡ್ಸ್ 1960ರ ದಶಕದ ಕೊನೆಯಲ್ಲಿ ಪ್ರತಿಷ್ಠಾನಗಳಿಂದ ಅನುದಾನ ಪಡೆದು ಅಂಗಡಿಗಳನ್ನೂ ಯುವಕೇಂದ್ರವನ್ನೂ ನಡೆಸಿತ್ತು. ಆ ಪ್ರಯತ್ನವೂ ಪೊಲೀಸ್ ದಾಳಿಗಳಲ್ಲಿ ಮುಗಿಯಿತು.

ಆಮೇಲೆ

ಜೈಲಿನಿಂದ ಬಂದ ಹಿಮೆನೆಸ್ 1975ರಲ್ಲಿ ನಗರಸಭೆಯ 46ನೇ ವಾರ್ಡಿಗೆ ಸ್ಪರ್ಧಿಸಿ ಸುಮಾರು ಶೇ. 39 ಮತ ಪಡೆದು ಸೋತರು. ಡೇಲಿಯ ಪಕ್ಷದ ವ್ಯವಸ್ಥೆಯ ಎದುರು ಅದು ಸಣ್ಣ ಸಂಖ್ಯೆಯಲ್ಲ. 1983ರಲ್ಲಿ ಹ್ಯಾರಲ್ಡ್ ವಾಷಿಂಗ್ಟನ್ ಶಿಕಾಗೊದ ಮೊದಲ ಕಪ್ಪು ಮೇಯರ್ ಆದಾಗ ಲ್ಯಾಟಿನೊ ಮತ ಕೂಡಿಸಿದವರಲ್ಲಿ ಅವರೂ ಇದ್ದರು. ಆ ನಂತರ ಮಿಶಿಗನ್ ರಾಜ್ಯದ ಗ್ರ್ಯಾಂಡ್ ವ್ಯಾಲಿ ವಿಶ್ವವಿದ್ಯಾಲಯದ ಜೊತೆ ಸೇರಿ ಹಳೆಯ ಸದಸ್ಯರು, ನೆರೆಯವರು, ಪಾದ್ರಿಗಳು, ತಾಯಂದಿರು ಹೀಗೆ ನೂರಕ್ಕೂ ಹೆಚ್ಚು ಜನರ ಮಾತುಗಳನ್ನು ಧ್ವನಿಮುದ್ರಿಸಿದರು. 2025ರ ಜನವರಿ 10ರಂದು, 76ನೇ ವಯಸ್ಸಿನಲ್ಲಿ ತೀರಿಕೊಂಡರು.

ಪೋರ್ಟೊ ರಿಕನ್ನರು ಈಗ ಹೆಚ್ಚಾಗಿ ಗುರುತಿಸಿಕೊಳ್ಳುವುದು ಪಶ್ಚಿಮದ ಹಂಬೋಲ್ಟ್ ಪಾರ್ಕ್ ಜೊತೆ. ಡಿವಿಷನ್ ಬೀದಿಗೆ ಅಡ್ಡಲಾಗಿ 1995ರಲ್ಲಿ ನಿಲ್ಲಿಸಿದ ಎರಡು ದೈತ್ಯ ಉಕ್ಕಿನ ಬಾವುಟಗಳು ಅಲ್ಲಿವೆ. ಅಲ್ಲೂ ಬಾಡಿಗೆ ಏರುತ್ತಿದೆ, ಅಲ್ಲಿಂದಲೂ ಜನ ಇನ್ನಷ್ಟು ಪಶ್ಚಿಮಕ್ಕೆ ಸರಿಯುತ್ತಿದ್ದಾರೆ. ಲಿಂಕನ್ ಪಾರ್ಕ್ ಶಿಕಾಗೊದ ದುಬಾರಿ ಬಡಾವಣೆಗಳಲ್ಲೊಂದು. ಮೆಕಾರ್ಮಿಕ್ ವಿದ್ಯಾಲಯ 1970ರ ದಶಕದ ಮಧ್ಯದಲ್ಲಿ ನಗರದ ದಕ್ಷಿಣಕ್ಕೆ ಸ್ಥಳಾಂತರವಾಯಿತು. ಹುಡುಗರು ಅಗಳಿ ಹಾಕಿಕೊಂಡು ಕೂತಿದ್ದ ಆವರಣ ಡಿಪಾಲ್ ವಿಶ್ವವಿದ್ಯಾಲಯದ ಪಾಲಾಯಿತು. ಯಂಗ್ ಲಾರ್ಡ್ಸ್ ಹೊರಡಿಸುತ್ತಿದ್ದ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಇವತ್ತು ಕಾಪಿಟ್ಟಿರುವುದು ಅದೇ ವಿಶ್ವವಿದ್ಯಾಲಯದ ಗ್ರಂಥಾಲಯ.